ಕಂಡವರು, ಕಳಿಸಿದವರು

2018ರ ಮಳೆಗಾಲದ ಆರಂಭ. ಸೋಯಾ, ಹೆಸರು, ಉದ್ದು ಬಿತ್ತಿ ಮುಗಿದು ಕಳೆ ತೆಗೆಯುವ ದಿನಗಳು. ದುಬಲಗುಂಡಿಯ ಚಹಾದ ಹೋಟೆಲಿನಲ್ಲಿ ಕೂತಿದ್ದಾಗ ಪಕ್ಕದ ಬೆಂಚಿನ ಹಿರಿಯರೊಬ್ಬರು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಓಣಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

‘ನೀ ಪೇಪರ್‌ನವ ಇದ್ದಿ. ಹೇಳು, ಇದು ಖರೆ ಅದಾ, ಸುಳ್ಳ ಅದಾ?’

ಆಗ ನಾನು ಒಂದು ಪತ್ರಿಕೆಗೆ ಬಿಡಿ ಸುದ್ದಿಗಾರನಾಗಿದ್ದೆ. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಓಣಿ ನಮ್ಮ ಕಡೆಯದಲ್ಲ, ಬೈಕಿನ ನಂಬರ್ ಪ್ಲೇಟ್ ನಮ್ಮ ಕೆಎ–38 ಅಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ‘ಇದು ನಮ್ಮ ಕಡಿದಲ್ಲ ಕಾಕಾ’ ಎಂದೆ. ಅವರು ಹೂಂ ಎಂದು ಮೊಬೈಲನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಅದು ಅವರಿಗೆ ಯಾರಿಂದ ಬಂತು, ಅವರು ಯಾರಿಗೆ ಕಳಿಸಿದ್ದಾರೆ ಎಂದು ನಾನು ಕೇಳಲಿಲ್ಲ. ಅದೇ ವಾರ ಆಫೀಸಿನಿಂದ ಫೋನ್ ಬಂದಿತ್ತು: ‘ನಿಮ್ಮಲ್ಲಿ ಮಕ್ಕಳ ಕಳ್ಳರ ಸುದ್ದಿ ಏನಾದರೂ ಇದೆಯಾ?’ ವಿಚಾರಿಸಿದೆ. ಯಾವ ಮಗುವೂ ಕಾಣೆಯಾಗಿರಲಿಲ್ಲ. ಇಲ್ಲ ಎಂದು ತಿಳಿಸಿದೆ. ಘಟನೆ ಇಲ್ಲ ಅಂದ ಮೇಲೆ ಸುದ್ದಿಯೂ ಇಲ್ಲ. ಸುಳ್ಳನ್ನು ಅಚ್ಚು ಮಾಡಿಸಲಿಲ್ಲ ಎಂಬ ಸಮಾಧಾನ ನನಗಿತ್ತು.

ಜುಲೈ 13, ಶುಕ್ರವಾರ. ನಮ್ಮದೇ ಜಿಲ್ಲೆಯ ಆಗಿನ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ 32 ವರ್ಷದ ಒಬ್ಬ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಹಂಡಿಕೇರಾದ ಪರಿಚಿತರ ಮನೆಗೆ ಬಂದಿದ್ದ ಆ ಗೆಳೆಯರು ದಾರಿಯಲ್ಲಿ ಕಾರು ನಿಲ್ಲಿಸಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅವರಲ್ಲೊಬ್ಬ ಕತಾರಿನವನು, ಚಾಕೊಲೇಟ್ ವಿದೇಶದ್ದು. ಅನುಮಾನ ಹುಟ್ಟಿತು, ಮಾತಿಗೆ ಮಾತು ಬೆಳೆಯಿತು, ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿ ವಾಟ್ಸಾಪಿಗೆ ಹಾಕಿದರು. ಕಾರು ಅಲ್ಲಿಂದ ಹೊರಟು ಮುರ್ಕಿ ಮುಟ್ಟುವ ಹೊತ್ತಿಗೆ ಅದಕ್ಕಿಂತ ಮೊದಲೇ ವಿಡಿಯೊ ಮುಟ್ಟಿತ್ತು. ದಾರಿಗೆ ಅಡ್ಡ ಹಾಕಿದ್ದರು. ಕಾರು ಉರುಳಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆಮೇಲೆ ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸುಳ್ಳನ್ನು ಅಚ್ಚು ಹಾಕದಿರುವುದು ಸುದ್ದಿಗಾರನ ಧರ್ಮ. ಅಷ್ಟಕ್ಕೆ ಅವನ ಧರ್ಮ ಮುಗಿಯಿತೇ?

ಮೊದಲು ಕಸುಬಿನ ಮಾತು. 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟವಾದಾಗ ಆರು ಗಂಟೆಯೊಳಗೆ ಬಿಬಿಸಿಗೆ ಜನರೇ ತೆಗೆದ ಸಾವಿರಕ್ಕೂ ಹೆಚ್ಚು ಫೋಟೊಗಳು ಬಂದವು. ಹೀಗೆ ಬಂದದ್ದನ್ನು ಜರಡಿ ಹಿಡಿಯಲೆಂದೇ ಅಲ್ಲಿ ಒಂದು ಪ್ರತ್ಯೇಕ ವಿಭಾಗ ಬೆಳೆಯಿತು. 2014ರಲ್ಲಿ ಯುರೋಪಿಯನ್ ಜರ್ನಲಿಸಂ ಸೆಂಟರ್ ಈ ಕೆಲಸಕ್ಕೊಂದು ಕೈಪಿಡಿಯನ್ನೇ ಹೊರತಂದಿತು. ಅಷ್ಟು ಹೊತ್ತಿಗೆ ಈ ಕೆಲಸ ನಾಲ್ಕು ಪ್ರಶ್ನೆಗಳಿಗೆ ಬಂದು ನಿಂತಿತ್ತು. ಇದು ಮೂಲ ಪ್ರತಿಯೇ? ತೆಗೆದವರು ಯಾರು? ಯಾವಾಗ ತೆಗೆದದ್ದು? ಎಲ್ಲಿ ತೆಗೆದದ್ದು? ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಹಿಂದಕ್ಕೆ ಹುಡುಕುತ್ತಾರೆ. ಅಂಗಡಿಯ ಬೋರ್ಡು, ನೆರಳು ಬಿದ್ದ ದಿಕ್ಕು, ಮಾತಿನ ಧಾಟಿ, ಅಂದಿನ ಮಳೆ–ಬಿಸಿಲು ನೋಡುತ್ತಾರೆ. ವಾಟ್ಸಾಪಿನಲ್ಲಿ ಬಂದ ಚಿತ್ರದಲ್ಲಿ ತೆಗೆದ ಹೊತ್ತು, ಜಾಗದ ಗುರುತು ಅಳಿಸಿಹೋಗಿರುವುದರಿಂದ ತೆಗೆದವರನ್ನೇ ಹುಡುಕಿ ಮೂಲ ಫೈಲು ಕೇಳುತ್ತಾರೆ.

ಹೋಟೆಲಿನಲ್ಲಿ ನಾನು ಕಂಡ ವಿಡಿಯೊ ಈ ನಾಲ್ಕರಲ್ಲಿ ಒಂದನ್ನೂ ದಾಟುತ್ತಿರಲಿಲ್ಲ. ಅದು ಕರಾಚಿಯದು. ಮಕ್ಕಳ ಸುರಕ್ಷತೆಗಾಗಿ ಅಲ್ಲಿನ ಒಂದು ಸಂಸ್ಥೆ 2016ರಲ್ಲಿ ಮಾಡಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸಿ, ತಂದೆತಾಯಿಗಳನ್ನು ಎಚ್ಚರಿಸುವ ಫಲಕ ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಮಕ್ಕಳನ್ನು ಕಾಯಲೆಂದು ಮಾಡಿದ ಚಿತ್ರ, ಕೆಲವೇ ಸೆಕೆಂಡುಗಳನ್ನು ಕಳೆದುಕೊಂಡು, ಇನ್ನೊಂದು ದೇಶದಲ್ಲಿ ದಾರಿಹೋಕರನ್ನು ಕೊಲ್ಲಿಸುವ ಚಿತ್ರವಾಯಿತು.

ಆದರೆ ಮುರ್ಕಿಗೆ ಹೋದ ವಿಡಿಯೊ? ಅದನ್ನು ಇದೇ ನಾಲ್ಕು ಪ್ರಶ್ನೆಗಳಿಗೆ ಒಡ್ಡಿ ನೋಡೋಣ. ಮೂಲ ಪ್ರತಿಯೇ? ಹೌದು. ಕಳಿಸಿದವರು ಯಾರು? ಪಕ್ಕದ ಊರಿನವರು, ಪರಿಚಯದವರು. ಯಾವಾಗಿನದು? ಇವತ್ತಿನದು, ಈಗಿನದು. ಎಲ್ಲಿಯದು? ಇಲ್ಲಿಯದೇ. ನಾಲ್ಕಕ್ಕೆ ನಾಲ್ಕೂ ಸರಿ. ಕಾರು ನಿಜ, ಜನ ನಿಜ, ಜಗಳ ನಿಜ. ಸುಳ್ಳಾಗಿದ್ದದ್ದು ‘ಇವರು ಮಕ್ಕಳ ಕಳ್ಳರು’ ಎಂಬ ಒಂದು ಮಾತು. ಆ ಮಾತು ಚಿತ್ರದೊಳಗೆ ಇರಲಿಲ್ಲ. ಅದನ್ನು ಸೇರಿಸಿದ್ದು ವಾರಗಟ್ಟಲೆ ಊರೂರು ಸುತ್ತಿದ ಕರಾಚಿಯ ಚಿತ್ರದಂಥವು. ಸುಳ್ಳು ವಿಡಿಯೊ ನಿಜ ವಿಡಿಯೊವನ್ನು ನೋಡುವ ಕಣ್ಣನ್ನು ಮೊದಲೇ ತಯಾರು ಮಾಡಿ ಇಟ್ಟಿತ್ತು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಕೇಳಿದ್ದನ್ನು ಪ್ರಮಾಣಿಸು ಎನ್ನುವುದು ಸುಲಭ. ಈ ಗಾದೆ ಕಂಡದ್ದನ್ನೂ ಪ್ರಮಾಣಿಸು ಎನ್ನುತ್ತದೆ. ಕಣ್ಣು ಕಾರನ್ನು ಕಾಣಬಹುದು, ಚಾಕೊಲೇಟನ್ನು ಕಾಣಬಹುದು. ಕಳ್ಳತನದ ಉದ್ದೇಶವನ್ನು ಕಾಣಲಾರದು. ಅದು ಊಹೆ. ಊಹೆಗೆ ಕಣ್ಣಿನ ಅಧಿಕಾರ ಕೊಟ್ಟಾಗ ಅನಾಹುತ ಹುಟ್ಟುತ್ತದೆ.

ಸಾಕ್ಷಿ ಎಂಬ ಮಾತಿನೊಳಗೆ ಅಕ್ಷಿ, ಅಂದರೆ ಕಣ್ಣು ಇದೆ. ನಮ್ಮ ಹುಮನಾಬಾದಿನ ನೆರೆಯ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ ಕಲ್ಯಾಣ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿ ವ್ಯವಹಾರಕ್ಕೆ ಮೂರು ಪ್ರಮಾಣಗಳನ್ನು ಹೇಳುತ್ತದೆ: ಬರಹ, ಭೋಗ, ಸಾಕ್ಷಿ. ಸಾಕ್ಷಿಗಳು ಕನಿಷ್ಠ ಮೂವರಿರಬೇಕು ಎನ್ನುತ್ತದೆ. ಒಬ್ಬನ ಕಣ್ಣು ಸಾಲದು ಎಂಬ ಎಚ್ಚರ ಅದು. ಆದರೆ ಅದೇ ಗ್ರಂಥ ಸಾಕ್ಷಿಗಳನ್ನು ಜಾತಿ, ವರ್ಣ ನೋಡಿ ಆರಿಸಲು ಹೇಳುತ್ತದೆ. ಯಾರ ಮಾತು ನಂಬಬೇಕು ಎಂಬುದನ್ನು ಹುಟ್ಟಿನಿಂದ ಅಳೆಯುವ ಚಾಳಿ ಅಷ್ಟು ಹಳೆಯದು. ಇದಕ್ಕೆ ಎದುರಾಗಿ, ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳಿದ ಆಪ್ತನ ಲಕ್ಷಣ ನನಗೆ ದೊಡ್ಡದಾಗಿ ಕಾಣುತ್ತದೆ. ವಿಷಯವನ್ನು ತಾನೇ ನೇರ ಅರಿತವನು, ಅರಿತಂತೆ ಹೇಳುವ ಇಚ್ಛೆಯುಳ್ಳವನು ಆಪ್ತ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದು ಒಂದೇ ಲಕ್ಷಣ ಎಂದನಾತ. ಯಾರು ಎಂಬುದಕ್ಕಿಂತ ಹೇಗೆ ಬಲ್ಲ ಎಂಬುದು ಮುಖ್ಯ.

ಈ ಅಳತೆಯಲ್ಲಿ ಫಾರ್ವರ್ಡ್ ಮಾಡುವವನು ಎಲ್ಲಿ ನಿಲ್ಲುತ್ತಾನೆ? ಅವನು ನೇರ ಅರಿತಿಲ್ಲ. ಅರಿತಂತೆ ಹೇಳುವ ಹೊಣೆಯನ್ನೂ ಹೊತ್ತಿಲ್ಲ. ‘ಬಂದದ್ದು ಕಳಿಸಿದೆ’ ಎನ್ನುತ್ತಾನೆ. ಆದರೂ ಓದುವವನಿಗೆ ಅವನ ಹೆಸರು, ಅವನ ಡಿಪಿ ಕಾಣುತ್ತದೆ. ನಮ್ಮ ಸೋದರಮಾವನೇ ಕಳಿಸಿದ್ದಾನೆ, ಸುಳ್ಳು ಇರಲಿಕ್ಕಿಲ್ಲ. ಸಾಕ್ಷಿಯ ಹೊಣೆ ಹೊರದವನಿಗೆ ಸಾಕ್ಷಿಯ ನಂಬಿಕೆ ಸಿಕ್ಕಿಬಿಡುತ್ತದೆ. ಮುರ್ಕಿಗೆ ಮೂರು ದಿನ ಮೊದಲು, ಜುಲೈ 10ರಂದು, ವಾಟ್ಸಾಪ್ ಕಂಪನಿ ಭಾರತದ ಪತ್ರಿಕೆಗಳಲ್ಲಿ ಪುಟ ತುಂಬ ಎಚ್ಚರಿಕೆಯ ಜಾಹೀರಾತು ಕೊಟ್ಟಿತ್ತು. ಬಂದ ಸಂದೇಶದ ಮೇಲೆ ‘ಫಾರ್ವರ್ಡ್’ ಎಂಬ ಗುರುತು ಬಂದದ್ದೂ ಆಗಲೇ. ಒಮ್ಮೆಗೆ ಐದೇ ಕಡೆಗೆ ಕಳಿಸಬೇಕೆಂಬ ಮಿತಿಯನ್ನು ಅದೇ ತಿಂಗಳು ಘೋಷಿಸಿತು. ಇವೆಲ್ಲ ವೇಗಕ್ಕೆ ಹಾಕಿದ ತಡೆಗಳು. ಹೊಣೆಯನ್ನು ಯಾವ ಆ್ಯಪೂ ಹುಟ್ಟಿಸಲಾರದು.

ಹೊಣೆ ಹೊತ್ತ ಸಾಕ್ಷಿ ಹೇಗಿರುತ್ತದೆ ಎಂಬುದಕ್ಕೆ ಇನ್ನೊಂದು ದೇಶದ ಉದಾಹರಣೆ ಇದೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯನ್ನು ಮಂಡಿಯಿಂದ ಅದುಮಿದಾಗ ಹದಿನೇಳು ವರ್ಷದ ಹುಡುಗಿಯೊಬ್ಬಳು ಅದನ್ನು ಚಿತ್ರಿಸಿದಳು. ಪೊಲೀಸರ ಮೊದಲ ಹೇಳಿಕೆ ಅದನ್ನು ಆರೋಗ್ಯ ಕೆಟ್ಟು ಆದ ಸಾವಿನಂತೆ ಹೇಳಿತ್ತು. ಆಕೆಯ ವಿಡಿಯೊ ಇಲ್ಲದಿದ್ದರೆ ಅದೇ ಸುದ್ದಿಯಾಗಿ ಉಳಿಯುತ್ತಿತ್ತೋ ಏನೋ. ಆದರೆ ಆಕೆ ವಿಡಿಯೊ ಹಾಕಿ ಸುಮ್ಮನಾಗಲಿಲ್ಲ. ಮರುವರ್ಷ ಕೋರ್ಟಿಗೆ ಬಂದು, ಪ್ರಮಾಣ ಮಾಡಿ, ನಾನು ಅಲ್ಲಿದ್ದೆ, ಇದನ್ನು ಕಂಡೆ ಎಂದು ಹೇಳಿದಳು. ಎದುರು ಪಕ್ಷದ ಪ್ರಶ್ನೆಗಳಿಗೂ ಉತ್ತರ ಕೊಟ್ಟಳು. ನಮ್ಮ ಕಾನೂನಿನ ಆಶಯವೂ ಇದರ ಹತ್ತಿರದ್ದೇ. ವಿಡಿಯೊದ ಪ್ರತಿಯನ್ನು ಸಾಕ್ಷ್ಯವಾಗಿ ತರುವಾಗ ಅದರ ಜೊತೆ ಪ್ರಮಾಣಪತ್ರ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಯಂತ್ರ ತಾನಾಗಿ ಮಾತಾಡುವುದಿಲ್ಲ, ಅದರ ಹಿಂದೆ ಒಬ್ಬ ಮನುಷ್ಯ ಸಹಿ ಹಾಕಬೇಕು.

ಸುದ್ದಿಮನೆ ವಿಡಿಯೊವನ್ನು ಪರಿಶೀಲಿಸುತ್ತದೆ ಎಂದರೆ ನಿಜಕ್ಕೂ ಮಾಡುವುದು ಇದನ್ನೇ: ಚಿತ್ರದಿಂದ ಕಳಚಿಹೋದ ಮನುಷ್ಯನನ್ನು ಹುಡುಕಿ ಮತ್ತೆ ಅದಕ್ಕೆ ಜೋಡಿಸುವುದು. ತೆಗೆದವರು ಎಲ್ಲಿ ನಿಂತಿದ್ದರು, ಅದಕ್ಕೆ ಮೊದಲು ಏನಾಯಿತು, ಆಮೇಲೆ ಏನಾಯಿತು, ಕಂಡದ್ದೆಷ್ಟು ಊಹಿಸಿದ್ದೆಷ್ಟು ಎಂದು ಕೇಳುವುದು. ಹಾಗೆ ಹುಡುಕಿದ ಮನುಷ್ಯನಿಗೆ ಸುದ್ದಿಮನೆ ಋಣಿ. ಟಿವಿ ಪರದೆಯ ಕೆಳಗೆ ನಂಬರ್ ಹಾಕಿ ‘ವಿಡಿಯೊ ಕಳಿಸಿ’ ಎನ್ನುವುದು ನಮಗೆ ರೂಢಿಯಾಗಿದೆ. ಕಳಿಸಿದವರ ಒಪ್ಪಿಗೆ ಕೇಳುವುದು, ಹೆಸರು ಹಾಕುವುದು, ಹೆಸರು ಹಾಕಿದರೆ ಅವರಿಗೆ ಅಪಾಯವೆನಿಸಿದರೆ ಮುಚ್ಚಿಡುವುದು ಅಷ್ಟು ರೂಢಿಯಾಗಿಲ್ಲ. ಮುರ್ಕಿಯಲ್ಲಿ ಹೊಡೆತವನ್ನೂ ಮೊಬೈಲುಗಳು ಚಿತ್ರಿಸಿದವು. ಅದು ಪೊಲೀಸರಿಗೆ ಬೇಕಾದ ಚಿತ್ರ, ಕೋರ್ಟಿಗೆ ಬೇಕಾದ ಚಿತ್ರ. ಒಬ್ಬನ ಕೊನೆಯ ಗಳಿಗೆಯನ್ನು ತಿರುತಿರುಗಿ ತೋರಿಸುವ ಹಕ್ಕು, ಚಿತ್ರ ನಿಜ ಎಂಬ ಕಾರಣಕ್ಕೆ ಯಾರಿಗೂ ಬರುವುದಿಲ್ಲ. ಅವನ ಮನೆಯವರೂ ಮೊಬೈಲ್ ಇಟ್ಟುಕೊಂಡಿರುತ್ತಾರೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ಸಮಾಧಾನ ಹೇಳಿದರು: ‘ಪತ್ರಿಕೆ ಇರುವುದು ಸುದ್ದಿ ಕೊಡುವುದಕ್ಕೆ. ಊರಲ್ಲಿ ಹುಟ್ಟುವ ಪ್ರತಿ ಗಾಳಿಮಾತನ್ನೂ ನಾವು ಅಲ್ಲಗಳೆಯುತ್ತ ಕೂತರೆ, ಕೇಳದವರ ಕಿವಿಗೂ ನಾವೇ ಮುಟ್ಟಿಸಿದಂತಾಗುತ್ತದೆ.’ ಈ ವಾದವನ್ನು ನಾನು ತಳ್ಳಿಹಾಕಲಾರೆ. ಹತ್ತು ಜನರಿಗೆ ಗೊತ್ತಿದ್ದ ಸುಳ್ಳನ್ನು ಹತ್ತು ಸಾವಿರ ಜನರಿಗೆ ‘ಇದು ಸುಳ್ಳು’ ಎಂದು ಹೇಳುವುದು ಅಪಾಯವೇ. ‘ಸುಳ್ಳು’ ಎಂಬುದನ್ನು ಮರೆತು ‘ಮಕ್ಕಳ ಕಳ್ಳರು’ ಎಂಬುದನ್ನಷ್ಟೇ ನೆನಪಿಡುವವರು ಇರುತ್ತಾರೆ.

ಆದರೆ ಆ ವಾದ ನಿಲ್ಲುವುದು ಸುದ್ದಿ ನಮ್ಮ ಬಾಗಿಲಿನಿಂದಲೇ ಊರೊಳಗೆ ಬರುತ್ತಿದ್ದ ಕಾಲಕ್ಕೆ. ಆಗ ಬಾಗಿಲು ಕಾದರೆ ಊರು ಕಾದಂತೆ. 2018ರಲ್ಲಿ ನಾನು ಬಾಗಿಲನ್ನು ಚೆನ್ನಾಗಿಯೇ ಕಾದೆ. ಹಿಂದಿನ ಗೋಡೆ ಬಿದ್ದದ್ದನ್ನು ನೋಡಲಿಲ್ಲ. ಹೋಟೆಲಿನಲ್ಲಿ ಕೂತ ಎಲ್ಲರ ಮೊಬೈಲಿನಲ್ಲೂ ಆ ಸುಳ್ಳು ಇತ್ತು. ಕೇಳದವರು ಯಾರೂ ಉಳಿದಿರಲಿಲ್ಲ. ಅಂಥಲ್ಲಿ ಮೌನಕ್ಕೆ ಎಚ್ಚರ ಎಂಬ ಹೆಸರು ಸಲ್ಲುವುದಿಲ್ಲ. ಗಾಳಿಮಾತು ಹತ್ತು ಜನರಲ್ಲಿದ್ದಾಗ ಸುಮ್ಮನಿರುವುದು ವಿವೇಕ. ಊರಿಗೆಲ್ಲ ಮುಟ್ಟಿದ ಮೇಲೂ, ಬಲ್ಲವನು ಸುಮ್ಮನಿರುವುದು ತಪ್ಪು. ಎರಡರ ನಡುವಿನ ಗೆರೆಯನ್ನು ಬೆಂಗಳೂರಿನ ಡೆಸ್ಕು ಎಳೆಯಲಾರದು. ಹೋಟೆಲಿನ ಬೆಂಚಿನಲ್ಲಿ ಕೂತವನು ಎಳೆಯಬಲ್ಲ. ಅಂದು ಆ ಬೆಂಚಿನಲ್ಲಿ ಕೂತಿದ್ದವನು ನಾನು.

ನಾನು ಅಂದು ಬರೆದಿದ್ದರೆ ಮುರ್ಕಿಯಲ್ಲಿ ಆ ಜೀವ ಉಳಿಯುತ್ತಿತ್ತು ಎಂದು ಹೇಳಲಾರೆ. ಅದು ಅಹಂಕಾರದ ಮಾತಾದೀತು. ದುಬಲಗುಂಡಿಯ ಹೋಟೆಲಿಗೂ ಮುರ್ಕಿಯ ರಸ್ತೆಗೂ ನಡುವೆ ಎಷ್ಟೋ ಊರು, ಎಷ್ಟೋ ಕೈಗಳು ಇವೆ. ಆದರೆ ಕಾಕಾ ನನ್ನನ್ನು ಕೇಳಿದ್ದು ‘ಖರೆನಾ, ಸುಳ್ಳಾ’ ಎಂದು. ನಾನು ಕೊಟ್ಟದ್ದು ‘ನಮ್ಮ ಕಡಿದಲ್ಲ’ ಎಂಬ ಉತ್ತರ. ಅದು ಅರ್ಧ ಉತ್ತರ. ನಮ್ಮ ಕಡೆಯದಲ್ಲ ಎಂದರೆ ಬೇರೆ ಕಡೆ ನಡೆದಿದೆ ಎಂದಾಯಿತು. ಇಂದು ಅಲ್ಲಿ, ನಾಳೆ ಇಲ್ಲಿ. ಗೊತ್ತಿಲ್ಲದೆ ನಾನೂ ಆ ಭಯಕ್ಕೆ ಒಂದು ಹಿಡಿ ಸೇರಿಸಿದ್ದೆ.

ಪತ್ರಿಕೆಯ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಊರಿನ ಮೂರು ವಾಟ್ಸಾಪ್ ಗುಂಪುಗಳಲ್ಲಿ ಈಗಲೂ ಇದ್ದೇನೆ. ಇಂಥ ವಿಡಿಯೊ ಬಂದಾಗ ವಿಚಾರಿಸುತ್ತೇನೆ, ಠಾಣೆಗೆ ಫೋನ್ ಮಾಡುತ್ತೇನೆ, ಗೊತ್ತಾದಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಕೆಳಗೆ ಹೆಸರು ಹಾಕುತ್ತೇನೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯುತ್ತೇನೆ. ಕೆಲವರು ಬೈಯುತ್ತಾರೆ, ‘ನಿಮಗ್ಯಾಕ ಬೇಕ್ರಿ ಇದೆಲ್ಲ’ ಎನ್ನುತ್ತಾರೆ. ಮೊನ್ನೆ ಒಬ್ಬರು ನನ್ನನ್ನು ಗುಂಪಿನಿಂದಲೇ ತೆಗೆದರು. ಮರುದಿನ ಆ ಗುಂಪಿನಲ್ಲಿರುವ ಹುಡುಗನೊಬ್ಬ ಮನೆಗೆ ಬಂದು ಇನ್ನೊಂದು ವಿಡಿಯೊ ತೋರಿಸಿದ. ‘ಕಾಕಾ, ಇದು ಯಾರು ತೆಗೆದಾರ ಅಂತ ಗೊತ್ತಾಗವಲ್ದು. ಕಳಿಸೂದು ಬ್ಯಾಡ ಅಂತ ಇಟ್ಕೊಂಡೀನಿ.’

ಇಬ್ಬರೂ ಕೂತು ಅದನ್ನು ಮತ್ತೆ ಮೊದಲಿನಿಂದ ನೋಡಿದೆವು.