ಕೊಟ್ಟ ಮೇಲೆ ಕೀಲಿಕೈ ಯಾರದು?

ನಮ್ಮ ಮನೆಯ ಗೋಡೆಬೀರುವಿನಲ್ಲಿ, ಹಳೆಯ ಪಂಚಾಂಗಗಳಿಗೂ ಯಾರೂ ತೊಡದ ಸ್ವೆಟರುಗಳಿಗೂ ನಡುವೆ, ಒಂದು ಸಣ್ಣ ಲ್ಯಾಪ್‌ಟಾಪು ಎರಡು ವರ್ಷಗಳಿಂದ ಮಲಗಿತ್ತು. 2017ರಲ್ಲಿ ಕೊಂಡದ್ದು. ಪರದೆ 11.6 ಅಂಗುಲ, ರ‍್ಯಾಮ್ 4 ಜಿಬಿ, ಕಡತಗಳನ್ನು ಇಟ್ಟುಕೊಳ್ಳುವ ಜಾಗ 32 ಜಿಬಿ. ಮಗ ಹೊಸದೊಂದನ್ನು ಕೊಡಿಸಿದ ಮೇಲೆ ಇದನ್ನು ನಾನು ಮರೆತೇಬಿಟ್ಟಿದ್ದೆ. ಮನೆಯಾಕೆ ಮರೆತಿರಲಿಲ್ಲ. "ಸುಮ್ಮನೆ ಧೂಳು ಕುಡಿಯುತ್ತಾ ಬಿದ್ದಿದೆ. ಆ ಹುಡುಗಿಗಾದರೂ ಕೊಟ್ಟುಬಿಡಿ. ಬಿ.ಕಾಂ. ಸೇರಿದ್ದಾಳೆ; ಪಾಪ, ಎಲ್ಲವನ್ನೂ ಫೋನಿನಲ್ಲೇ ಓದುತ್ತಾಳಂತೆ" ಎಂದಳು. ಆ ಹುಡುಗಿ ಎಂದರೆ ಹನ್ನೆರಡು ವರ್ಷಗಳಿಂದ ನಮ್ಮ ಮನೆಯ ಕೆಲಸಕ್ಕೆ ಬರುತ್ತಿರುವಾಕೆಯ ಮಗಳು. ಬೇಡವೆನ್ನುವುದಕ್ಕೆ ನನಗೆ ಕಾರಣವಿರಲಿಲ್ಲ. ಕೊಡುವುದೆಂದರೆ ಅಷ್ಟು ಸುಲಭದ ಕೆಲಸವೆಂದೇ ಆಗ ತಿಳಿದಿದ್ದೆ.

ಯಂತ್ರವನ್ನು ಒರೆಸಿ, ಚಾರ್ಜಿಗೆ ಹಾಕಿ, ತೆರೆದು ನೋಡಿದಾಗ ತೊಡಕು ಕಾಣಿಸಿತು. ಅದರಲ್ಲಿದ್ದುದು ವಿಂಡೋಸ್ 10. 2015ರಲ್ಲಿ ಹೊರಬಂದ ಆ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಜಾಗ ಬೇಕು. ನನ್ನ ಯಂತ್ರದಲ್ಲಿರುವುದು ಅದರ ಅರ್ಧ. ಅದನ್ನೂ ಮದರ್‌ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿದ್ದಾರೆ, ಹೆಚ್ಚಿಸುವಂತಿಲ್ಲ. ಇದರಲ್ಲಿ ಯಾರನ್ನೂ ದೂರಬೇಕಾದ್ದಿಲ್ಲ. ಹತ್ತು ವರ್ಷ ನೋಡಿಕೊಂಡದ್ದು ಕಡಮೆಯೇನಲ್ಲ. ಆದರೂ ಕೀಲಿಗಳು ಗಟ್ಟಿಯಾಗಿವೆ, ಪರದೆ ಬೆಳಗುತ್ತಿದೆ, ಯಂತ್ರಕ್ಕೆ ಮಾತ್ರ ನಿವೃತ್ತಿಯಾಗಿದೆ. ಪಿಂಚಣಿಯ ಮೇಲೆ ಬದುಕುತ್ತಿರುವ ನನಗೆ ಅದರ ಮೇಲೆ ಸ್ವಲ್ಪ ಬಂಧುಭಾವ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ದೊಡ್ಡ ಮನೆಯೊಂದರ ಪಾರುಪತ್ತೇಗಾರನಿಗೆ ಹೋಲಿಸಬಹುದು. ಯಾರು ಒಳಗೆ ಬರಬೇಕು, ಯಾವ ವಸ್ತು ಎಲ್ಲಿರಬೇಕು, ಅಡಿಗೆಯವನಿಗೆ ಎಷ್ಟು ಸೌದೆ, ಕುದುರೆಗೆ ಎಷ್ಟು ಹುರುಳಿ ಎಂಬುದನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ಒಳ್ಳೆಯ ಪಾರುಪತ್ತೇಗಾರನಿರುವ ಮನೆಯಲ್ಲಿ ಅವನೊಬ್ಬನಿದ್ದಾನೆಂಬುದೇ ಯಜಮಾನನಿಗೆ ಮರೆತುಹೋಗುತ್ತದೆ. ಅವನನ್ನು ಬದಲಾಯಿಸಬೇಕಾಗಿ ಬಂದಾಗಲೇ, ಈ ಮನೆ ನನ್ನದೋ ಅವನದೋ ಎಂಬ ಪ್ರಶ್ನೆ ಏಳುವುದು.

ಬದಲಾಯಿಸಲು ದಾರಿಯಿದೆ ಎಂದು ನನಗೆ ಗೊತ್ತಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ ಲಿನಕ್ಸ್‌ನ ಕಥೆಯನ್ನು ಓದಿದ್ದೆ. ಅದಕ್ಕೂ ಮೊದಲು, 1983ರಲ್ಲಿ, ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ನರ ಕಥೆ ಇನ್ನೂ ಸ್ವಾರಸ್ಯವಾದದ್ದು. ಅವರಿದ್ದ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯಿಂದ ಒಂದು ಲೇಸರ್ ಮುದ್ರಕ ಉಡುಗೊರೆಯಾಗಿ ಬಂದಿತ್ತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ತಿದ್ದೋಣವೆಂದರೆ ಮೂಲ ಬರಹವನ್ನು ಯಾರೂ ಕೊಡಲಿಲ್ಲ. ಮುದ್ರಕ ಇವರ ಕೋಣೆಯಲ್ಲಿ, ಅದರ ಮರ್ಮ ಇನ್ನೊಬ್ಬರ ಪೆಟ್ಟಿಗೆಯಲ್ಲಿ. ಈ ಕಹಿಯೂ ಸೇರಿಯೇ ಅವರ ಸ್ವಾತಂತ್ರ್ಯದ ಸಿದ್ಧಾಂತ ಬೆಳೆಯಿತು: ಬಳಸುವ, ಒಳಗನ್ನು ಅರಿತು ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು ಬಳಸುವವನಿಗೆ ಇರಬೇಕು ಎಂದು.

ಇಷ್ಟು ಓದಿಕೊಂಡವನಿಗೆ ಉತ್ಸಾಹ ಬಾರದಿದ್ದೀತೆ? 1993ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿರುವ ಡೆಬಿಯನ್ ಎಂಬ ಲಿನಕ್ಸನ್ನು ಹಾಕುವುದೆಂದು ನಿಶ್ಚಯಿಸಿದೆ. ಅದರ ಹದಿಮೂರನೆಯ ಆವೃತ್ತಿ 2025ರ ಆಗಸ್ಟಿನಲ್ಲಿ ಬಂದಿದೆ. ಹಳೆಯ 32 ಬಿಟ್ ಯಂತ್ರಗಳಲ್ಲಿ ಅದನ್ನು ಹೊಸದಾಗಿ ಹಾಕುವ ಏರ್ಪಾಡನ್ನು ಅವರೂ ಕೈಬಿಟ್ಟಿದ್ದಾರೆ. ಹಳೆಯದನ್ನು ಹೊರುವುದಕ್ಕೆ ಧರ್ಮಾತ್ಮರಿಗೂ ಒಂದು ಮಿತಿಯುಂಟು. ನನ್ನದು 64 ಬಿಟ್‌ನದಾದುದರಿಂದ ಬಚಾವಾಯಿತು. ಕಡಮೆ ಶಕ್ತಿಯ ಯಂತ್ರಕ್ಕೆ ಒಗ್ಗುವ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪನ್ನೂ ಆರಿಸಿದೆ. ರಾತ್ರಿ ಊಟಕ್ಕೆ ಕುಳಿತಾಗ, ಆ ಹುಡುಗಿಗೆ ನಾನು ಕೊಡುತ್ತಿರುವುದು ಬರಿಯ ಯಂತ್ರವಲ್ಲ, ಸ್ವಾತಂತ್ರ್ಯ ಎಂದು ಮನೆಯಾಕೆಗೆ ಸಣ್ಣ ಭಾಷಣವನ್ನೇ ಮಾಡಿದೆ. ಅವಳು ಸಾರು ಬಡಿಸುತ್ತಾ, "ಅವಳನ್ನು ಒಂದು ಮಾತು ಕೇಳಿದಿರಾ?" ಎಂದಳು.

ಕೇಳಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ.

ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ. ಒಬ್ಬರ ಒಳಿತಿಗಾಗಿ ಎಂಬ ಕಾರಣವೊಂದರಿಂದಲೇ, ಪ್ರಾಯಕ್ಕೆ ಬಂದವರ ಮೇಲೆ ನಮ್ಮ ಇಷ್ಟವನ್ನು ಹೇರುವಂತಿಲ್ಲ ಎಂದು ಜಾನ್ ಸ್ಟುಅರ್ಟ್ ಮಿಲ್ 1859ರಷ್ಟು ಹಿಂದೆಯೇ ವಾದಿಸಿದ್ದನ್ನು ನಾನೇ ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೆ. ಹುಡುಗಿಗೆ ಹದಿನೆಂಟು ತುಂಬಿದೆ, ಓಟಿನ ಹಕ್ಕಿದೆ. ಇನ್ನು ನಾನು ಮೆಚ್ಚಿದ ಡೆಬಿಯನ್ನರ ನಡತೆಯನ್ನೇ ನೋಡಿ. ಅವರ ಸಾಮಾಜಿಕ ಒಪ್ಪಂದದಲ್ಲಿ ಬಳಸುವವರಿಗೂ ಮುಕ್ತ ತಂತ್ರಾಂಶಕ್ಕೂ ಒಟ್ಟಿಗೆ ಆದ್ಯತೆ ಕೊಟ್ಟಿದೆ. ವೈಫೈ ಮುಂತಾದ ಭಾಗಗಳು ನಡೆಯಬೇಕಾದರೆ ಎಷ್ಟೋ ಸಲ ಮುಕ್ತವಲ್ಲದ ಸಣ್ಣ ತಂತ್ರಾಂಶಗಳು ಬೇಕು. ಬಹುಕಾಲ ಅವನ್ನು ಹೊರಗಿಟ್ಟಿದ್ದವರು 2022ರಲ್ಲಿ ಮತ ಹಾಕಿ, 2023ರ ಆವೃತ್ತಿಯಿಂದ ಒಳಕ್ಕೆ ಬಿಟ್ಟುಕೊಂಡರು. ತತ್ತ್ವ ಶುದ್ಧವಾಗಿ ಉಳಿದು, ಬಳಸುವವನು ವೈಫೈ ಇಲ್ಲದೆ ಕುಳಿತರೆ ಯಾರಿಗೆ ಲಾಭ? ತಮ್ಮ ಧ್ಯೇಯದಲ್ಲಿ ಅಷ್ಟು ನಿಷ್ಠೆಯುಳ್ಳವರೇ ಎದುರಿನವನ ಅಗತ್ಯವನ್ನು ನೋಡಿ ಬಾಗಿದ್ದಾರೆ. ನಿನ್ನೆ ಮೊನ್ನೆ ಓದಿ ಭಕ್ತನಾದ ನಾನು ಸೆಟೆದು ನಿಂತಿದ್ದೆ.

ಮರುದಿನ ಹುಡುಗಿಯನ್ನು ಕರೆಸಿ ವಿಷಯ ತಿಳಿಸಿದೆ. ಮೊದಲು, "ನೀವು ಹೇಗೆ ಹೇಳಿದರೆ ಹಾಗೆ, ಸಾರ್" ಎಂದಳು. ಅದು ಒಪ್ಪಿಗೆಯಲ್ಲ, ಕೊಡುವವನ ಮುಂದೆ ತೆಗೆದುಕೊಳ್ಳುವವರು ಆಡುವ ಮಾತು. ಮನೆಯಾಕೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಟ್ಟ ಮೇಲೆ ನಿಜವಾದ ಪ್ರಶ್ನೆಗಳು ಬಂದವು. ಕನ್ನಡದಲ್ಲಿ ಟೈಪ್ ಮಾಡಬಹುದೆ? ಮಾಡಬಹುದು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ಸಿಕ್ಕುತ್ತದೆ. ಕಾಲೇಜಿನಲ್ಲಿ ಟ್ಯಾಲಿ ಹೇಳಿಕೊಡುತ್ತಾರೆ, ಅದು ನಡೆಯುತ್ತದೆಯೆ? ಇಲ್ಲಿ ನಾನು ತಡವರಿಸಿದೆ. ಟ್ಯಾಲಿ ನಮ್ಮ ಬೆಂಗಳೂರಿನದೇ ಆದರೂ ವಿಂಡೋಸಿಗಾಗಿ ಮಾಡಿದ್ದು. ಮೂರನೆಯ ಪ್ರಶ್ನೆಗಂತೂ ನನ್ನಲ್ಲಿ ಉತ್ತರವೇ ಇರಲಿಲ್ಲ: "ಕೆಟ್ಟುಹೋದರೆ ನಮ್ಮ ಬೀದಿ ಅಂಗಡಿಯವರು ಸರಿಮಾಡ್ತಾರಾ ಸಾರ್?"

ಈ ಪ್ರಶ್ನೆಯನ್ನು ನಾನು ನನಗೇ ಎಂದೂ ಕೇಳಿಕೊಂಡಿರಲಿಲ್ಲ. ನನ್ನ ಯಂತ್ರ ಮುನಿಸಿಕೊಂಡರೆ ಮಗನಿಗೆ ಫೋನು ಮಾಡುತ್ತೇನೆ. ಅವನು ಕೂತಲ್ಲಿಂದಲೇ ಸರಿಮಾಡುತ್ತಾನೆ. ನನ್ನ ಸ್ವಾತಂತ್ರ್ಯದ ಹಿಂದೆ ಒಬ್ಬ ಇಂಜಿನಿಯರ್ ಮಗ ನಿಂತಿದ್ದಾನೆ. ಅವಳ ಹಿಂದೆ ನಿಂತಿರುವುದು ಬೀದಿಯ ಮೂಲೆಯ ಅಂಗಡಿ ಮಾತ್ರ, ಅವನಿಗೆ ಗೊತ್ತಿರುವುದು ವಿಂಡೋಸ್ ಮಾತ್ರ. ಆಯ್ಕೆ ಎಂಬುದು ಎಲ್ಲರಿಗೂ ಒಂದೇ ಬೆಲೆಗೆ ಸಿಕ್ಕುವ ಪದಾರ್ಥವಲ್ಲ. ಬಿದ್ದರೆ ಹಿಡಿಯುವವರಿದ್ದಾರೆಂದು ಧೈರ್ಯವಾಗಿ ಹತ್ತಿದವನು, ಹತ್ತಲು ಹೆದರುವವರನ್ನು ಅಂಜುಬುರುಕರೆನ್ನುವುದು ನ್ಯಾಯವಲ್ಲ.

ನನ್ನ ಅದೃಷ್ಟಕ್ಕೆ, ಹಾಕುವ ಮೊದಲೇ ಪರೀಕ್ಷಿಸಿ ನೋಡುವ ಸೌಕರ್ಯವೊಂದು ಇದರಲ್ಲಿದೆ. ಡಿಸ್ಕಿನಲ್ಲಿರುವುದನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಡೆಬಿಯನ್ನನ್ನು ನಡೆಸಬಹುದು. ಯಂತ್ರವನ್ನೂ ಪೆನ್‌ಡ್ರೈವನ್ನೂ ಅವಳಿಗೆ ಕೊಟ್ಟು, ಎರಡನ್ನೂ ಬಳಸಿ ನೋಡಮ್ಮ, ಹಳೆಯದೇ ಇರಲಿ ಎಂದರೂ ನನಗೆ ಬೇಸರವಿಲ್ಲ ಎಂದೆ. ಹಳೆಯದನ್ನು ಹಾಗೆಯೇ ಇಟ್ಟುಕೊಂಡರೆ ಭದ್ರತೆಯ ತಿದ್ದುಪಡಿಗಳಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಒಳ್ಳೆಯದಲ್ಲವೆಂಬುದನ್ನೂ ತಿಳಿಸಿದೆ. ಬೇಸರವಿಲ್ಲ ಎಂದದ್ದು ಪೂರ್ತಿ ನಿಜವಾಗಿರಲಿಲ್ಲ. ಆದರೆ ಹೇಳಬೇಕಾದ ಮಾತು ಅದೇ ಆಗಿತ್ತು.

ಎಂಟು ದಿನ ಬಿಟ್ಟು ಬಂದಳು. "ಟ್ಯಾಲಿ ಕಾಲೇಜಿನ ಲ್ಯಾಬಿನಲ್ಲೇ ಮಾಡ್ಕೋತೀನಿ ಸಾರ್. ನೋಟ್ಸು, ಅರ್ಜಿ, ಲೆಕ್ಕದ ಹಾಳೆ ಎಲ್ಲ ಇದರಲ್ಲೇ ಆಗತ್ತೆ. ಹೊಸದೇ ಹಾಕೋಣ. ಆದರೆ ಹಾಕೋದು ಹೇಗೆ ಅಂತ ನಂಗೂ ತೋರಿಸಬೇಕು. ಕೆಟ್ಟರೆ ನಾನೇ ಮತ್ತೆ ಹಾಕ್ಕೋಬಹುದಲ್ಲ" ಎಂದಳು. ನನಗೆ ಹೊಳೆಯದ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಯಂತ್ರವನ್ನಿಟ್ಟು ಕುಳಿತೆವು. ಅನುಸ್ಥಾಪನೆಯೆಂದರೆ ಒಂದು ಬಗೆಯ ಸಂದರ್ಶನ. ಯಂತ್ರ ಒಂದೊಂದೇ ಪ್ರಶ್ನೆ ಕೇಳುತ್ತದೆ. ಮೊದಲನೆಯದು ಭಾಷೆ. ಪಟ್ಟಿಯಲ್ಲಿ ಕನ್ನಡ ಎಂಬುದು ಕನ್ನಡದ ಅಕ್ಷರಗಳಲ್ಲೇ ಕಾಣಿಸಿತು. ಹುಡುಗಿ ನನ್ನ ಮುಖ ನೋಡಿ ನಕ್ಕು ಅದನ್ನೇ ಒತ್ತಿದಳು. ಆಮೇಲೆ ದೇಶ, ಕೀಲಿಮಣೆ, ಯಂತ್ರಕ್ಕೊಂದು ಹೆಸರು. ಅನಂತರ ಬಂದದ್ದು ರೂಟ್ ಪಾಸ್‌ವರ್ಡ್.

ರೂಟ್ ಎಂದರೆ ಬೇರು. ಬೇರಿನ ಗುಟ್ಟು ಕೈಯಲ್ಲಿದ್ದವರು ಯಂತ್ರದಲ್ಲಿ ಏನನ್ನಾದರೂ ಹಾಕಬಹುದು, ಏನನ್ನಾದರೂ ತೆಗೆಯಬಹುದು. ಓದುಗರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ: ಈ ಪಾಸ್‌ವರ್ಡನ್ನು ನಾನೇ ಇಟ್ಟುಕೊಳ್ಳಬೇಕೆಂದು ಮೊದಲೇ ಯೋಚಿಸಿದ್ದೆ, ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೂ ಇದ್ದೆ. ಹುಡುಗಿ ತಿಳಿಯದೆ ಏನನ್ನಾದರೂ ಕೆಡಿಸಿಕೊಂಡಾಳು, ಎಂಥದೋ ತಂತ್ರಾಂಶವನ್ನು ಹಾಕಿಕೊಂಡಾಳು ಎಂಬ ಕಾಳಜಿ. ಕಾಳಜಿಯೇನೋ ನಿಜವಾದದ್ದೇ.

ಜೇಬಿಗೆ ಕೈ ಹಾಕಿದಾಗ ನನಗೆ ಅಜ್ಜಿಯ ನೆನಪಾಯಿತು. ಅಜ್ಜಿ ಮನೆಯ ಆಡಳಿತವನ್ನೆಲ್ಲ ನನ್ನ ತಾಯಿಗೆ ವಹಿಸಿಕೊಟ್ಟಿದ್ದಳು, ಹಾಗೆಂದು ಬಂದವರೊಡನೆಲ್ಲ ಹೇಳಿಕೊಳ್ಳುತ್ತಲೂ ಇದ್ದಳು. ಉಗ್ರಾಣದ ಕೀಲಿಕೈ ಗೊಂಚಲು ಮಾತ್ರ ಅವಳ ಸೊಂಟದಲ್ಲೇ ಇತ್ತು. ಪಾವು ಬೆಲ್ಲ ಬೇಕಾದರೂ ತಾಯಿ ಅವಳ ಮುಂದೆ ಹೋಗಿ ನಿಲ್ಲಬೇಕು. ಅಜ್ಜಿ ಕೆಟ್ಟವಳಲ್ಲ, ಒಂದು ದಿನವೂ ಇಲ್ಲವೆಂದವಳಲ್ಲ. ಆದರೆ ಕೇಳುತ್ತಿದ್ದಾಗ ತಾಯಿಯ ಮುಖ ಹೇಗಿರುತ್ತಿತ್ತೆಂಬುದು ನನಗೆ ಇಂದಿಗೂ ನೆನಪಿದೆ.

ನಮ್ಮ ಹಿರಿಯರು ಕೊಡುವಾಗ ಧಾರೆಯೆರೆದು ಕೊಡುತ್ತಿದ್ದರು. ಕೈಯಿಂದ ಜಾರಿದ ನೀರನ್ನು ಮತ್ತೆ ಕೈಗೆ ತೆಗೆದುಕೊಳ್ಳುವಂತಿಲ್ಲ. ತನ್ನದೆಂಬ ಹಕ್ಕು ಅಳಿದು ಇನ್ನೊಬ್ಬರ ಹಕ್ಕು ಹುಟ್ಟಿದರೇ ಅದು ದಾನವೆಂದು ಶಾಸ್ತ್ರಕಾರರು ಲಕ್ಷಣ ಹೇಳಿದರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ತೆಗೆದುಕೊಳ್ಳುವವನಿಗೆ ಬುದ್ಧಿ ಹೇಳುವ ಗಾದೆ ನಮ್ಮಲ್ಲಿದೆ. ಎಮ್ಮೆ ಕೊಟ್ಟವನು ಹಗ್ಗವನ್ನು ಕೈಯಲ್ಲೇ ಹಿಡಿದು ನಿಂತಿರಬಾರದೆಂಬ ಗಾದೆಯನ್ನು ನಾನು ಕೇಳಿಲ್ಲ; ಗಾದೆ ಕಟ್ಟಿದವರಲ್ಲಿ ಕೊಡುವವರೇ ಹೆಚ್ಚಾಗಿದ್ದರೋ ಏನೋ. ಉಡುಗೊರೆಯ ಮುದ್ರಕದ ಕಥೆಯನ್ನು ಓದಿ ದೂರದ ಕಂಪನಿಯ ಮೇಲೆ ಸಿಟ್ಟಾದ ನಾನು, ಅದೇ ಕಥೆಯನ್ನು ನನ್ನ ಊಟದ ಮೇಜಿನ ಮೇಲೆ ಮತ್ತೆ ಆಡುವುದರಲ್ಲಿದ್ದೆ.

ಹಾಗಾದರೆ ತಿಳಿದವನು ತಿಳಿಯದವರನ್ನು ಕೈಬಿಡಬೇಕೆ ಎಂದು ಕೇಳಬಹುದು. ಕೈಬಿಡುವ ಮಾತಲ್ಲ. ಸಹಾಯ ಮಾಡುವವನು ಕರೆದಾಗ ಬರುತ್ತಾನೆ. ಕೀಲಿಕೈ ಇಟ್ಟುಕೊಂಡವನು ಕರೆಯದೆಯೂ ಬರಬಲ್ಲ. ಎರಡರ ಹಿಂದೆಯೂ ಪ್ರೀತಿ ಇದ್ದೀತು. ಆದರೆ ಎರಡನೆಯವನ ಪ್ರೀತಿಯ ಕೆಳಗೆ ಬದುಕುವವರು ಯಾವಾಗಲೂ ಬಾಗಿಲ ಕಡೆಗೆ ಒಂದು ಕಣ್ಣಿಟ್ಟಿರಬೇಕಾಗುತ್ತದೆ. ಕೆಡಿಸಿಕೊಳ್ಳುವ ಹಕ್ಕಿಲ್ಲದವರಿಗೆ ಸರಿಪಡಿಸುವುದನ್ನು ಕಲಿಯುವ ಹೊಣೆಯಾದರೂ ಏಕೆ ಬಂದೀತು?

ರೂಟ್ ಪಾಸ್‌ವರ್ಡಿನ ಜಾಗವನ್ನು ಖಾಲಿ ಬಿಟ್ಟರೆ ಆ ಅಧಿಕಾರ ಯಂತ್ರದ ಮೊದಲ ಬಳಕೆದಾರರಿಗೆ ಹೋಗುತ್ತದೆ. ಖಾಲಿ ಬಿಡಮ್ಮ ಎಂದೆ. ಅವಳು ತನ್ನ ಹೆಸರನ್ನು ಕೊಟ್ಟು ತನ್ನ ಗುಟ್ಟಿನ ಪದವನ್ನು ಬರೆಯುವಾಗ ನಾನು ಎದ್ದು ಕಿಟಕಿಯ ಬಳಿಗೆ ಹೋದೆ. ಚೀಟಿಯನ್ನು ಅಲ್ಲೇ ಹರಿದುಹಾಕಿದೆ.

ಕೊನೆಗೆ ಡಿಸ್ಕಿನ ಸರದಿ ಬಂತು. ಹಳೆಯದೆಲ್ಲ ಅಳಿಸಿಹೋಗುವ ಘಟ್ಟ ಅದು. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೆ ಎಂದು ಯಂತ್ರ ಕೇಳುತ್ತದೆ. ಅವಸರದಲ್ಲಿ ಮುಂದಕ್ಕೆ ಒತ್ತಿದವರಿಗೆ ಅನಾಹುತವಾಗದಿರಲೆಂದು ಮೊದಲೇ ಗುರುತಾಗಿರುವ ಉತ್ತರ 'ಇಲ್ಲ' ಎಂಬುದು. ಹೌದೆನ್ನಬೇಕಾದರೆ ತಾನಾಗಿ ಆರಿಸಬೇಕು. ಇಷ್ಟು ವರ್ಷ ಎಷ್ಟು ಕರಾರುಗಳಿಗೆ ಓದದೆಯೇ ಒಪ್ಪಿಗೆ ಒತ್ತಿದ್ದೇನೋ ಲೆಕ್ಕವಿಲ್ಲ. ಈ ಒಂದು ಸಣ್ಣ ಮರ್ಯಾದೆ ನನ್ನ ಮನಸ್ಸಿಗೆ ಹಿಡಿಸಿತು. ಹುಡುಗಿ ಎರಡು ಸಲ ಓದಿಕೊಂಡಳು. "ಹೌದು ಅಂತ ಒತ್ತಲಾ ಸಾರ್?" ಎಂದಳು. "ನನ್ನನ್ನೇಕೆ ಕೇಳುತ್ತೀಯಮ್ಮ?" ಎಂದೆ. ಒತ್ತಿದಳು.

ಎರಡು ತಿಂಗಳ ಮೇಲೆ ಪರೀಕ್ಷೆಯ ಅರ್ಜಿಯ ವಿಷಯ ಕೇಳಲು ಲ್ಯಾಪ್‌ಟಾಪನ್ನು ತಂದಿದ್ದಳು. ತೆರೆದಾಗ ನೋಡಿದೆ: ನಾನು ಹುಡುಕಿ ಆರಿಸಿದ್ದ ಡೆಸ್ಕ್‌ಟಾಪು ಹೋಗಿ ಬೇರೊಂದು ಬಂದಿತ್ತು, ಪರದೆಯ ಮೇಲೆ ಯಾವುದೋ ಸಿನೆಮಾ ನಟ ನಗುತ್ತಿದ್ದ. ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಕನ್ನಡದಲ್ಲಿದ್ದ ಪಟ್ಟಿಗಳೆಲ್ಲ ಇಂಗ್ಲಿಷಾಗಿದ್ದುವು. ನಾನು ನೋಡಿದ್ದನ್ನು ಅವಳೂ ನೋಡಿದಳು. "ಕೆಲಸಕ್ಕೆ ಸೇರೋ ಕಡೆ ಎಲ್ಲ ಇಂಗ್ಲಿಷಲ್ಲೇ ಇರತ್ತಲ್ಲ ಸಾರ್, ಅದಕ್ಕೇ ಈಗಲೇ ಅಭ್ಯಾಸ ಮಾಡ್ಕೋತಿದೀನಿ" ಎಂದಳು.

ಮನಸ್ಸಿಗೆ ಚುಚ್ಚಿತು. ಹೇಳಬೇಕಾದ ಮಾತುಗಳು ನಾಲಿಗೆಯ ತುದಿಯವರೆಗೆ ಬಂದಿದ್ದುವು. ಅವು ಸುಳ್ಳು ಮಾತುಗಳೂ ಅಲ್ಲ. ಇನ್ನೊಂದು ದಿನ, ಅವಳು ಕೇಳಿದರೆ, ಹೇಳಿಯೇನು. ಅಂದು ಮಾತ್ರ, "ಅರ್ಜಿ ಎಲ್ಲಿದೆ ತೋರಿಸಮ್ಮ" ಎಂದು ಕನ್ನಡಕ ಹಾಕಿಕೊಂಡೆ.