ಅಳೆಯುವವನ ಋಣ

ಮೊನ್ನೆ ನಮ್ಮ ಮೊಮ್ಮಗಳ ಶಿಶುವಿಹಾರದಿಂದ ಪ್ರಗತಿಪತ್ರವೊಂದು ಮನೆಗೆ ಬಂದಿತು. ಅವಳಿಗೆ ಈಗ ನಾಲ್ಕು ವರ್ಷ. ಬಣ್ಣಗಳನ್ನು ಗುರುತಿಸುತ್ತಾಳೆ, ಹತ್ತರವರೆಗೆ ಎಣಿಸುತ್ತಾಳೆ. ಆದರೆ 'ಇತರ ಮಕ್ಕಳೊಡನೆ ಬೆರೆಯುವುದು' ಎಂಬುದರ ಮುಂದೆ 'ಸಾಲದು' ಎಂದು ಬರೆದಿತ್ತು. ಸೊಸೆಯ ಮುಖ ಬಾಡಿತು. "ಮನೆಯಲ್ಲಿ ಇಷ್ಟು ಮಾತನಾಡುತ್ತಾಳಲ್ಲ ಮಾವ?" ಎಂದಳು. ಮೊಮ್ಮಗಳು ಮಾತ್ರ ಆ ಕಾಗದದ ಹಿಂಬದಿಯಲ್ಲಿ ನಿಶ್ಚಿಂತೆಯಿಂದ ಬೆಕ್ಕಿನ ಚಿತ್ರ ಬರೆಯುತ್ತಿದ್ದಳು.

ಇಷ್ಟು ಎಳೆಯ ಜೀವವನ್ನು ಹೀಗೆ ಅಳೆಯುವುದು ನ್ಯಾಯವೆ?

ಅಲ್ಲವೆಂದುಬಿಡುವುದು ಸುಲಭ. ಆದರೆ ನನಗೆ ಇನ್ನೊಂದು ಮಗುವಿನ ನೆನಪಾಗುತ್ತದೆ. ನಮ್ಮ ಬೀದಿಯ ಆ ಮಗು ಎರಡೂವರೆ ವರ್ಷವಾದರೂ ಮಾತನಾಡಿರಲಿಲ್ಲ. "ಕೆಲವು ಮಕ್ಕಳಿಗೆ ಮಾತು ತಡ" ಎಂದು ನಾವೆಲ್ಲ ತಾಯಿಗೆ ಸಮಾಧಾನ ಹೇಳಿದೆವು. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ಮಗು ತಿರುಗಿ ನೋಡುವುದಿಲ್ಲವೆಂದು ಕಂಡುಕೊಂಡವರು ಅಂಗನವಾಡಿಯ ಕಾರ್ಯಕರ್ತೆ. ನಮ್ಮ ಸಮಾಧಾನದ ಮಾತಿನಿಂದ ಆ ಮಗುವಿಗೆ ಒಂದು ವರ್ಷ ನಷ್ಟವಾಗಿತ್ತು.

ಹಾಗಾದರೆ ತಪ್ಪು ಅಳತೆಯದಲ್ಲ; ಅಳೆದ ಮೇಲೆ ಏನು ಮಾಡುತ್ತೇವೆಂಬುದು ಮುಖ್ಯ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ, ಸಿಮೊನ್ ಜೊತೆಗೂಡಿ ಮಕ್ಕಳ ಬುದ್ಧಿಯ ಅಳತೆಗೋಲೊಂದನ್ನು ರೂಪಿಸಿದ. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದವರು ಯಾರೆಂದು ತಿಳಿಯುವುದೇ ಅವನ ಉದ್ದೇಶ. ಬುದ್ಧಿ ಹುಟ್ಟಿನಿಂದ ಗೊತ್ತಾದ, ಹೆಚ್ಚಿಸಲಾಗದ ಮೊತ್ತವೆಂಬ ಮಾತನ್ನು ಅವನು 1909ರಲ್ಲಿಯೇ ಖಂಡಿಸಿದ. 1911ರಲ್ಲಿ ಅವನು ತೀರಿಕೊಂಡ. ಆಮೇಲೆ ಅಮೆರಿಕದಲ್ಲಿ ಅದೇ ಅಳತೆಗೋಲು ಜನರಿಗೆ 'ಮಂದಬುದ್ಧಿ'ಯ ಹಣೆಪಟ್ಟಿ ಕಟ್ಟಿ ದೂರವಿಡಲು ಬಳಕೆಯಾಯಿತು. ಕೋಲು ಒಂದೇ, ಹಿಡಿದವರ ಮನಸ್ಸು ಬೇರೆ.

ಅಳತೆಗೆ ಔದಾರ್ಯವೂ ಬೇಕು. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ, ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತನ್ನ ಲೆಕ್ಕ ಪ್ರಕಟಿಸಿತು. ಅದರಂತೆ ಮಗು ಸ್ವತಂತ್ರವಾಗಿ ನಡೆಯುವುದು ಎಂಟು ತಿಂಗಳು ತುಂಬಿದಾಗಲೂ ಇರಬಹುದು, ಹದಿನೇಳು ತಿಂಗಳು ಕಳೆದ ಮೇಲೂ ಇರಬಹುದು. ಪಕ್ಕದ ಮನೆಯ ಮಗುವನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವ ತಾಯಂದಿರು ಇದನ್ನು ನೆನೆಯಬೇಕು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತದೆ ನಮ್ಮ ಗಾದೆ. ಆದರೆ ರೈತ ಮೊಳಕೆಯನ್ನು ಬಗ್ಗಿ ನೋಡುವುದು ಅದಕ್ಕೆ ತೀರ್ಪು ಕೊಡಲಿಕ್ಕಲ್ಲ; ನೀರು ಬೇಕೆ, ಗೊಬ್ಬರ ಬೇಕೆ ಎಂದು ತಿಳಿಯಲಿಕ್ಕೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅಂಗನವಾಡಿಯಲ್ಲಿ ಮಗುವನ್ನು ತೂಗುತ್ತಾರೆ. ಅದಕ್ಕೆ ಪೌಷ್ಟಿಕ ಆಹಾರ ಕೊಡುವ ಹೊಣೆಯೂ ಅಲ್ಲಿಯದೇ. ತೂಗಿದವರು ಋಣಿಗಳಾದರು. ಯಾವ ಹಿರಿಯರನ್ನೂ ಯಾವ ಕೆಲಸಕ್ಕೂ ಹಚ್ಚದ ಅಳತೆಯನ್ನು ಮಾಡದಿರುವುದೇ ಲೇಸು.

ಇಷ್ಟೆಲ್ಲ ಯೋಚಿಸಿಕೊಂಡು, ಸ್ವಲ್ಪ ಜಗಳದ ಮನಸ್ಸಿನಿಂದಲೇ ಶಿಶುವಿಹಾರಕ್ಕೆ ಹೋದೆ. "'ಸಾಲದು' ಎಂದು ಬರೆದ ಮೇಲೆ ತಾವು ಏನು ಮಾಡಿದಿರಿ?" ಎಂದು ಕೇಳಿದೆ. ಆ ಎಳೆಯ ಉಪಾಧ್ಯಾಯಿನಿ ಬೇಸರಿಸಲಿಲ್ಲ. "ಮೂವತ್ತೆಂಟು ಮಕ್ಕಳಿದ್ದಾರೆ ಸಾರ್. ಅವಳನ್ನು ಮಾತುಗಾತಿಯೊಬ್ಬಳ ಪಕ್ಕದಲ್ಲಿ ಕೂರಿಸಿದ್ದೇನೆ. ನಿಮ್ಮ ಮನೆಗೆ ಆಡಲು ಯಾರು ಬರುತ್ತಾರೆ?" ಎಂದರು.

ಯಾರೂ ಬರುವುದಿಲ್ಲ. ನಾವು ಯಾರನ್ನೂ ಕರೆದದ್ದೇ ಇಲ್ಲ. 'ಸಾಲದು' ಎಂಬ ಆ ಮಾತು ಮೊಮ್ಮಗಳಿಗಿಂತ ನಮಗೇ ಹೆಚ್ಚು ಸಲ್ಲಬೇಕಾಗಿತ್ತು. ಬರುವ ಭಾನುವಾರ ಎದುರು ಮನೆಯ ಇಬ್ಬರು ಮಕ್ಕಳನ್ನು ತಿಂಡಿಗೆ ಕರೆದಿದ್ದೇವೆ.