ಉಡುಗೊರೆಯ ಅಳತೆ

ಸಡಿಲಿದ ಬಾಗಿಲು, ಸೋರುವ ನಲ್ಲಿ, ಮುರಿದ ಮಂಚಗಳನ್ನು ಸರಿಪಡಿಸಲು ವರ್ಷಗಟ್ಟಲೆ ಮನೆಗೆ ಬರುವ ಕೆಲಸಗಾರನು ಕ್ರಮೇಣ ಆಪ್ತನೇ ಆಗುತ್ತಾನೆ. ಅವನ ಹುಟ್ಟುಹಬ್ಬದಂದು ಏನಾದರೂ ಕೊಡಬೇಕೆಂದು ಗೃಹಸ್ಥನಿಗೆ ತೋರುವುದು ಸಹಜ. ಎಷ್ಟು, ಏನು ಎಂಬಲ್ಲಿಯೇ ವಿವೇಕದ ಪರೀಕ್ಷೆ.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದ ಸಂಗತಿ ಭಕ್ತರಿಗೆ ತಿಳಿದುದೇ. ದುಡಿದು ಬಾಳುವವನಿಗೆ ಮಿಗಿಲಾದುದು ಭಾರವೆಂಬುದನ್ನು ಕೊಡುವವರು ಮರೆಯುವುದುಂಟು. ಬೆಲೆಬಾಳುವ ವಸ್ತುವನ್ನು ಪಡೆದವನು ಮುಂದೆ ಕೂಲಿ ಕೇಳಲು ಸಂಕೋಚಪಡುತ್ತಾನೆ. 'ಇರಲಿ ಬಿಡಿ' ಎಂದು ಹೊರಟುಬಿಡುತ್ತಾನೆ. ಕೊಟ್ಟವನ ಔದಾರ್ಯವು ಅವನ ಕೂಲಿಯನ್ನೇ ನುಂಗಿದಂತಾಯಿತು! ಆದುದರಿಂದ ಹಳೆಯ ಬಾಕಿ ಮೊದಲು ತೀರಲಿ. ಬಾಕಿಯಿಟ್ಟುಕೊಂಡೇ ಉಡುಗೊರೆ ನೀಡುವ ದಾನಶೂರರೂ ಲೋಕದಲ್ಲಿ ಇಲ್ಲದಿಲ್ಲ.

ಉಡುಗೊರೆ ಕಿರಿದಾಗಿರಲಿ, ಆದರೆ ಅವನನ್ನು ಕಂಡು ಆರಿಸಿದುದಾಗಿರಲಿ. ಅವನ ಅಳತೆಯ ಟೇಪಿನ ಅಂಕಿಗಳು ಅಳಿಸಿಹೋದುದನ್ನು ಗಮನಿಸಿದವನು ಹೊಸ ಟೇಪನ್ನು ಕೊಡಬಹುದು. ಕಿವಿಗೆ ಸಿಕ್ಕಿಸಿದ ಪೆನ್ಸಿಲು ಮೋಟಾದುದನ್ನು ಕಂಡವನು ನಾಲ್ಕು ಪೆನ್ಸಿಲುಗಳನ್ನು. ನೆರೆಯವರ ಮುಂದೆ ಕೊಡಬೇಕಾಗಿಲ್ಲ. ಅವನನ್ನು ಬರಮಾಡಿಕೊಂಡು, ಕುಳ್ಳಿರಿಸಿ, ಮನೆಯವರು ಉಣ್ಣುವುದನ್ನೇ ಉಣಬಡಿಸಿ ಕೈಗಿತ್ತರೆ ಸಾಕು. ಅಂದು ಮಾತ್ರ ಹಿತ್ತಲ ಬಾಗಿಲ ಅಗುಳಿಯ ಮಾತೆತ್ತಬಾರದು.